ಗಾಳಿ ಇರುವ ಕೋಣೆ

ಹೊಸ್ತಿಲಿನಲ್ಲಿ ಮೂರು ಮೊಳೆಗಳಿದ್ದವು. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ನಡುವಿನದರ ತಲೆ ಮಾತ್ರ ಮರದೊಳಗೆ ಪೂರ್ತಿ ಇಳಿಯದೆ ಸ್ವಲ್ಪ ಮೇಲೆದ್ದಿತ್ತು. ಕೋಣೆ ನೋಡಲು ಹೋದ ದಿನ ಅದು ನನ್ನ ಚೂಡಿದಾರದ ಅಂಚನ್ನು ಹಿಡಿದುಕೊಂಡಿತು. ನಾನು ಬಗ್ಗಿ, ದಾರ ಕೀಳದಂತೆ ಮೆಲ್ಲಗೆ ಬಿಡಿಸಿಕೊಂಡು, ಬಡಗಿ ಕೆಲಸ ಸರಿಯಿಲ್ಲ ಎಂದುಕೊಂಡು ಒಳಗೆ ಹೋದೆ.

ನನ್ನನ್ನು ಬಲ್ಲವರು ಇದನ್ನು ಓದಿದರೆ ನಗುತ್ತಾರೆ. ದೆವ್ವದ ಕಥೆಗಳನ್ನು ಓದಿ, ಕೇಳಿ, ನೋಡಿ ದೊಡ್ಡವಳಾದವಳು ನಾನು. ಸಿನಿಮಾದಲ್ಲಿ ಯಾರಾದರೂ ಮೊಳೆ ಹೊಡೆದ ಹೊಸ್ತಿಲು ದಾಟಿದರೆ 'ಬೇಡ ಕಣೇ, ಹೋಗಬೇಡ' ಎಂದು ಎಲ್ಲರಿಗಿಂತ ಮೊದಲು ಗೊಣಗುವವಳೂ ನಾನೇ. ಆದರೆ ಸಿನಿಮಾದಲ್ಲಿ ಹೊಸ್ತಿಲನ್ನು ತೋರಿಸುವಾಗ ಹಿನ್ನೆಲೆಯಲ್ಲಿ ಪಿಟೀಲು ಕುಯ್ಯುತ್ತಿರುತ್ತದೆ. ಮಹದೇವಪುರದಲ್ಲಿ ಅವತ್ತು ಕೆಳಗೆ ನೀರಿನ ಟ್ಯಾಂಕರ್ ರಿವರ್ಸ್ ಹೋಗುತ್ತಿತ್ತು, ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ಪೀಣ್ಯದಲ್ಲಿ. ಅಪ್ಪ ಸ್ಪ್ರಿಂಗ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಇದ್ದರು. ನಮ್ಮ ಹಿಂದಿನ ಗೋಡೆಯಾಚೆ ತಗಡು ಒತ್ತುವ ಪವರ್ ಪ್ರೆಸ್ಸುಗಳ ಶೆಡ್ಡು. ಬೆಳಿಗ್ಗೆಯಿಂದ ಧಡ್ ಧಡ್ ಎಂದು ನೆಲ ಅದುರುತ್ತಿತ್ತು. ಕಟ್ಟೆಯ ಮೇಲಿಟ್ಟ ಲೋಟ ತಾನಾಗಿಯೇ ಅಂಚಿಗೆ ಸರಿದು ಬರುತ್ತಿತ್ತು. ಬೇರೆ ಮಕ್ಕಳಿಗೆ ಲೋಟ ಸರಿದರೆ ದೆವ್ವ, ನಮಗೆ ಫಸ್ಟ್ ಶಿಫ್ಟ್. ನಮ್ಮನ್ನು ಹೆದರಿಸುತ್ತಿದ್ದುದು ಕರೆಂಟು ಹೋಗಿ ಅಷ್ಟೂ ಪ್ರೆಸ್ಸುಗಳು ಒಮ್ಮೆಗೇ ನಿಂತಾಗಿನ ನಿಶ್ಶಬ್ದ. ಆಗ ನಾನು ಅಡಿಗೆಮನೆಗೆ ಓಡಿ ಅಮ್ಮನ ಸೆರಗು ಹಿಡಿಯುತ್ತಿದ್ದೆ. ಸದ್ದು ಇದ್ದರೆ ಜನ ಇದ್ದಾರೆ ಎಂಬ ನಂಬಿಕೆ ನನ್ನಲ್ಲಿ ಇನ್ನೂ ಇದೆ.

ಭಯದ ರುಚಿ ಹತ್ತಿದ್ದು ಬಸ್‌ಸ್ಟಾಪಿನ ಹಿಂದಿದ್ದ ಬಾಡಿಗೆ ಪುಸ್ತಕದಂಗಡಿಯಲ್ಲಿ. ರಟ್ಟಿನ ಮೇಲೆ ತಲೆಬುರುಡೆ, ಮೇಣದ ಬತ್ತಿ, ಬಿಳಿ ಸೀರೆ. ಅಂಗಡಿಯ ಮುದುಕರು "ಇದು ದೊಡ್ಡೋರ್ದು ಪುಟ್ಟಿ" ಎಂದು ಕಸಿದುಕೊಂಡು, ನಾನು ಅಲ್ಲಾಡದೆ ನಿಂತಿದ್ದರೆ "ನಿಮ್ಮಮ್ಮಂಗೆ ಅಂತ ಬರ್ಕೊಳ್ಳಾ?" ಎಂದು ಕೊಟ್ಟುಬಿಡುತ್ತಿದ್ದರು. ಪಾಪ, ಆ ಅಂಗಡಿಯಲ್ಲಿ ನಮ್ಮಮ್ಮನಿಗೆ ಎಂಥ ಹೆಸರಿತ್ತೋ. ಆ ಪುಸ್ತಕಗಳಿಗೆಲ್ಲ ಒಂದೇ ಕಾಯಿಲೆ: ಕೊನೆಯ ಹಾಳೆಗಳು ಇರುತ್ತಿರಲಿಲ್ಲ. ಮಂತ್ರವಾದಿ ನಿಂಬೆಹಣ್ಣು ಎತ್ತಿದ ಎನ್ನುವಲ್ಲಿಗೆ ಹೊಲಿಗೆ ಬಿಟ್ಟುಹೋಗಿರುತ್ತಿತ್ತು. ಹಾಗಾಗಿ ನನ್ನ ಬಾಲ್ಯದ ದೆವ್ವಗಳಲ್ಲಿ ಬಹುಪಾಲು ಮುಕ್ತಿ ಕಾಣಲಿಲ್ಲ. ಆಮೇಲೆ ಗೆಳತಿಯ ಮನೆಗೆ ವಿಸಿಡಿ ಬಂತು. ಒಂದು ಸಿನಿಮಾಕ್ಕೆ ಎರಡು ಡಿಸ್ಕು; ಎರಡನೆಯದಕ್ಕೆ ಗೀರು. ದೆವ್ವದ ಮುಖ ಅರ್ಧ ತಿರುಗಿದಾಗ ಚೌಕಚೌಕವಾಗಿ ಒಡೆದು ಅಲ್ಲೇ ನಿಂತುಬಿಡುತ್ತಿತ್ತು. ಡಿಸ್ಕನ್ನು ಲಂಗಕ್ಕೆ ಒರೆಸಿ ಮತ್ತೆ ಹಾಕುತ್ತಿದ್ದೆವು. ಅದು ಮತ್ತೆ ಅರ್ಧವೇ ತಿರುಗುತ್ತಿತ್ತು. ಇಡೀ ಮುಖಕ್ಕಿಂತ ಆ ಅರ್ಧ ಮುಖ ನನ್ನನ್ನು ಹೆಚ್ಚು ಕಾಲ ಕಾಡಿತು.

ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಗ ಕೈಯಿಂದ ಕೈಗೆ ದಾಟುವ ಹಾರ್ಡ್ ಡಿಸ್ಕುಗಳಲ್ಲಿ ಹೊರದೇಶದ ದೆವ್ವಗಳ ಪರಿಚಯವಾಯಿತು. ಅವುಗಳ ಶಿಸ್ತು ನನಗೆ ಹಿಡಿಸಿತು. ನಮ್ಮ ಸೀರಿಯಲ್ಲಿನ ದೆವ್ವ ಬರುವ ಮೊದಲು ಹೊಗೆ, ಗೆಜ್ಜೆ, ನಾಯಿಯ ಊಳು, ಇಷ್ಟನ್ನೂ ಮುಂದೆ ಕಳಿಸುತ್ತದೆ, ಮಂತ್ರಿಯ ಕಾರಿನ ಮುಂದೆ ಪೈಲಟ್ ಜೀಪು ಬಂದಂತೆ. ಅವು ಹಾಗಲ್ಲ, ಕುರ್ಚಿಯನ್ನು ಒಂದು ಗೇಣು ಸರಿಸಿ ಸುಮ್ಮನಿರುತ್ತವೆ. ಕೆಲಸಕ್ಕೆ ಸೇರಿದ ಮೇಲೆ ಕಂಪನಿ ಕ್ಯಾಬಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಭಯದ ಕಥೆಗಳನ್ನು ಕೇಳುವ ಚಟ ಹತ್ತಿತು. ಒಮ್ಮೆ ಪಕ್ಕದಲ್ಲಿ ಕೂತಿದ್ದ ಟೀಮ್ ಲೀಡ್ ಕೇಳಿದರು: "ಏನ್ ಮೇಡಂ, ಕಣ್ಮುಚ್ಕೊಂಡು ಅಷ್ಟೊಂದು ತಲ್ಲೀನರಾಗಿ ಕೇಳ್ತಿದೀರಾ. ಭಾವಗೀತೇನಾ?"

"ಹೌದು ಸಾರ್," ಎಂದೆ. ಕಿವಿಯೊಳಗೆ ಹೆಂಗಸೊಬ್ಬಳು ಮಣ್ಣಿನಡಿಯಿಂದ ಪೆಟ್ಟಿಗೆ ಪರಚುತ್ತಿದ್ದಳು.

ಏಕಿಷ್ಟು ಪ್ರೀತಿ ಎಂದರೆ ಸರಿಯಾದ ಉತ್ತರ ಗೊತ್ತಿಲ್ಲ. ನಾನು ಮೆಲ್ಲಗೆ ಮಾತಾಡುವವಳು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನಾನೇ ಸಾರಿ ಹೇಳುತ್ತೇನೆ. ಅಂಥವಳಿಗೆ ಗಂಟಲು ತುಂಬ ಕಿರುಚಲು ಒಂದು ಮರ್ಯಾದಸ್ಥ ನೆಪ ಬೇಕಿತ್ತೋ ಏನೋ. ಆಮೇಲೆ ಬಂದ ಆಟಗಳು ಆ ನೆಪವನ್ನು ಪೂರ್ತಿ ಒದಗಿಸಿದವು. ಲ್ಯಾಪ್‌ಟಾಪಿನ ಆಟದಲ್ಲಿ ಬಾಗಿಲು ತೆಗೆಯುವವಳು ನಾಯಕಿಯಲ್ಲ, ನಾನೇ. ಟಾರ್ಚು ನನ್ನ ಕೈಯಲ್ಲೇ. ಹಿಂದಿನಿಂದ ಏನೋ ಉಸಿರಾಡಿದರೆ ತಿರುಗಬೇಕಾದವಳೂ ನಾನೇ. ಇದರಲ್ಲಿ ಒಂದು ಗುಟ್ಟಿದೆ, ನಿಮ್ಮಲ್ಲೇ ಇರಲಿ: ನಾನು ಇವನ್ನೆಲ್ಲ ನೋಡುತ್ತಿದ್ದುದು, ಆಡುತ್ತಿದ್ದುದು ಶನಿವಾರ, ಭಾನುವಾರ ಮಟಮಟ ಮಧ್ಯಾಹ್ನ, ಕಿಟಕಿ ತೆರೆದಿಟ್ಟುಕೊಂಡು. ರಾತ್ರಿ ನನಗೆ ಭಯವಾಗುತ್ತದೆ.

ಪೀಣ್ಯದಿಂದ ಮಹದೇವಪುರದ ಆಫೀಸಿಗೆ ದಿನಾ ಊರಿಗೆ ಊರನ್ನೇ ಅಡ್ಡ ಹಾಯ್ದು ಹೋಗಿ ಸಾಕಾಗಿ, ಅಲ್ಲೇ ಹಳೆಯ ಊರೊಳಗೆ ಕೋಣೆ ಹುಡುಕಿದೆ. ಮನೆಯ ಒಡತಿ ಪಿಳ್ಳಮ್ಮ. ಅರವತ್ತರ ಹತ್ತಿರದವರು, ಗಂಡ ತೀರಿಕೊಂಡು ಒಬ್ಬರೇ ಇದ್ದರು. ನಮ್ಮ ಟೆಕ್ ಪಾರ್ಕಿನ ಪಾರ್ಕಿಂಗ್ ಇರುವ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲವಂತೆ. ಮಹಡಿಯ ಮೇಲೆ ಒಂದೇ ಕೋಣೆ. ಅವರು ಮೇಲೆ ಬರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು "ಓಗಿ ನೋಡ್ಕೊಂಡ್ ಬಾರವ್ವ, ಬೀಗ ಆಕಿಲ್ಲ" ಎಂದರು. ಮೊಳೆಯಿಂದ ಚೂಡಿದಾರ ಬಿಡಿಸಿಕೊಂಡು, ಕೋಣೆ ನೋಡಿ, ಇಳಿದು ಬಂದೆ. ಆಮೇಲೆ ನಡೆದ ಮಾತುಕತೆ ನನಗೆ ಅಕ್ಷರಶಃ ನೆನಪಿದೆ.

"ಗಾಳಿ, ಬೆಳಕು ಹೇಗಿದೆ ಆಂಟಿ?"

"ಆಂಟಿ ಗೀಂಟಿ ಅನ್ಬ್ಯಾಡ, ಅಕ್ಕ ಅನ್ನು. ಬೆಳ್ಕು ಪರ್ವಾಗಿಲ್ಲ. ಗಾಳಿ ಐತೆ. ಮೊದ್ಲೇ ಏಳ್ಬಿಡ್ತೀನಿ, ಆಮ್ಯಾಕೆ ಏಳ್ನಿಲ್ಲ ಅನ್ಬ್ಯಾಡ."

"ಗಾಳಿ ಇದ್ರೆ ಒಳ್ಳೇದೇ ಅಲ್ವಾ ಅಕ್ಕ? ಗಾಳಿ ಇಲ್ಲದೆ ಇದ್ರೆ ನಂಗೆ ನಿದ್ದೇನೇ ಬರಲ್ಲ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಬ್ಯಾಸ ಐತಾ?"

"ಚಿಕ್ಕಂದಿನಿಂದ."

"ಒಬ್ಳೇ ಇರ್ತೀಯ. ಎದ್ರಿಕೆ ಆಗಾಕಿಲ್ವಾ?"

"ಗಾಳಿಗೇನು ಹೆದರಿಕೆ? ಜಾಸ್ತಿ ಆದ್ರೆ ಕಿಟಕಿ ಹಾಕ್ಕೋತೀನಿ."

"ಕಿಟ್ಕಿ ಆಕಿದ್ರೆ ನಿಲ್ತದಾ ಅದು?" ಎಂದು ಪಿಳ್ಳಮ್ಮ ತಮ್ಮಷ್ಟಕ್ಕೇ ಹೇಳಿಕೊಂಡು, ಬೀಗದ ಕೈ ಕೊಟ್ಟರು. ಕೊಡುವಾಗ ನನ್ನ ಅಂಗೈ ಮುಟ್ಟಿದರು, ಜ್ವರ ನೋಡುವವರಂತೆ.

ಗಾಳಿ ಎಂದರೆ ಇನ್ನೇನು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. 'ಗಾಳಿ ಸೋಕಿದೆ,' 'ಗಾಳಿ ಬಿಡಿಸಬೇಕು' ಇವನ್ನು ಎಷ್ಟು ಪುಸ್ತಕಗಳಲ್ಲಿ ಓದಿಲ್ಲ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವಳ ಕಿವಿಗೆ ಗಾಳಿ ಎಂದರೆ ಗಾಳಿ ಮಾತ್ರ. ಆ ಕೋಣೆಯಲ್ಲಿ ನಾನು ಸೊಗಸಾಗಿ ನಿದ್ದೆ ಮಾಡಿದೆ. ನಿಜವಾಗಿ ಒಳ್ಳೆಯ ಗಾಳಿಯೂ ಬರುತ್ತಿತ್ತು.

ಪಿಳ್ಳಮ್ಮ ಬೆಳಿಗ್ಗೆ ನಾನು ಮೆಟ್ಟಿಲಿಳಿಯುವುದನ್ನೇ ಕಾಯುತ್ತಿದ್ದಂತೆ ಕಾಣುತ್ತಿತ್ತು. "ನಿದ್ದೆ ಬಂತಾ? ಊಟ ಸೇರ್ತಾ? ಮೈ ಕೈ ಬಾರ ಅನ್ನಿಸ್ತಾ?" ಇಷ್ಟು ಕಾಳಜಿಯ ಒಡತಿ ಸಿಕ್ಕಿದ್ದಕ್ಕೆ ನಾನು ಅಮ್ಮನ ಹತ್ತಿರ ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ.

ಒಂದು ಭಾನುವಾರ ಮಧ್ಯಾಹ್ನ. ಹೊಸ ಆಟ. ನೆಲಮಾಳಿಗೆಯಲ್ಲಿ ಟಾರ್ಚಿನ ಬ್ಯಾಟರಿ ಮುಗಿಯುತ್ತ ಬಂದಿತ್ತು. ಗೋಡೆಗೆ ಮುಖ ಮಾಡಿ ನಿಂತಿದ್ದ ಹೆಂಗಸು ಇನ್ನೇನು ಈ ಕಡೆಗೆ ತಿರುಗುವುದರಲ್ಲಿದ್ದಳು. ತಿರುಗಿದಳು. ನಾನು ಕಿರುಚಿದೆ. ಕಿರುಚಿ, ಸುಧಾರಿಸಿಕೊಂಡು, ನೀರು ಕುಡಿಯೋಣವೆಂದು ಹೆಡ್‌ಫೋನ್ ತೆಗೆದು ಬಾಗಿಲು ತೆರೆದರೆ, ಮೆಟ್ಟಿಲಿನ ಅರ್ಧದಲ್ಲಿ ಪಿಳ್ಳಮ್ಮ ನಿಂತಿದ್ದರು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ.

"ಬಂದಿದ್ಲಾ?" ಎಂದರು.

"ಯಾರು?"

"ನಮ್ಮತ್ತೆ."

ಮೆಟ್ಟಿಲ ಮೇಲೆ ಕುಳಿತೇ ಅವರು ಎಲ್ಲವನ್ನೂ ಹೇಳಿದರು. ಅತ್ತೆ ಹನುಮಕ್ಕ. ಹೊಸ ಮನೆ ಕಟ್ಟಿದಾಗ, ರಸ್ತೆಯಲ್ಲಿ ಹೋಗಿಬರುವವರೆಲ್ಲ ಕಾಣಲಿ ಎಂದು ಮಹಡಿಯ ಕೋಣೆಯನ್ನೇ ಹಟ ಹಿಡಿದು ತೆಗೆದುಕೊಂಡ ಮುದುಕಿ. ಬಾಯಲ್ಲಿ ಹಲ್ಲಿರಲಿಲ್ಲ, ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ತಿನ್ನಬೇಕು. ಕುಟ್ಟುವ ಸದ್ದು ನಿಂತರೆ ಬೈಗುಳ ಶುರು ಎಂದು ಕೆಳಗಿನವರಿಗೆ ಗೊತ್ತಾಗುತ್ತಿತ್ತು. ಪಿಳ್ಳಮ್ಮನ ಒಬ್ಬಳೇ ಮಗಳು ಮಂಜುಳ ಬೇರೆ ಜಾತಿಯ ಹುಡುಗನನ್ನು ಮದುವೆಯಾದಾಗ ಹನುಮಕ್ಕ ಮಣ್ಣು ತೂರಿ ಆಣೆ ಇಟ್ಟಳು: ಈ ಮನೆ ಹೊಸ್ತಿಲು ತುಳಿದರೆ ಅವಳ ಬಸಿರು ನಿಲ್ಲಬಾರದು. ಕೆಲವು ತಿಂಗಳಲ್ಲೇ ಒಂದು ಅಮಾವಾಸ್ಯೆಯ ಮಧ್ಯಾಹ್ನ, ಮುದ್ದೆ ಆರಿಹೋಗಿದೆ ಎಂದು ಸೊಸೆಯನ್ನು ಬೈಯುತ್ತಿದ್ದವಳು ಆ ಮಾತು ಮುಗಿಸದೆ ಹೋಗಿಬಿಟ್ಟಳು.

"ಓದ್ಮ್ಯಾಕೂ ಮದ್ಯಾನ ಆದ್ರೆ ಕುಟ್ಟೋ ಸದ್ದು ಕೇಳೋದು. ಕೆಳೀಕೆ ಇಳೀದಿರ್ಲಿ ಅಂತ ಒಸ್ಲಿಗೆ ಮೊಳೆ ಒಡ್ಸ್‌ದೆ. ನಿಂಗೆ ಏಳಿದ್ನಲ್ಲವ್ವ, ಗಾಳಿ ಐತೆ ಅಂತ."

ಏನು ಹೇಳುವುದು? ನಾನು ಅದನ್ನು ವೆಂಟಿಲೇಷನ್ ಎಂದು ತಿಳಿದಿದ್ದೆ ಎನ್ನಲೇ?

"ಹಾಗಾದ್ರೆ ಬಾಡಿಗೆಗೆ ಯಾಕೆ ಕೊಟ್ರಿ ಅಕ್ಕ?"

ಅವರು ಮುಷ್ಟಿಯಲ್ಲಿದ್ದ ಉಪ್ಪನ್ನು ನೋಡಿಕೊಂಡರು. "ನೀನು ಎದ್ರಾಕಿಲ್ಲ ಅಂದೆ. ಎಣ್ಣುಮಗ ಒಂದು ಅಲ್ಲಿ ಸುಕವಾಗಿ ಇದ್ಬುಟ್ರೆ, ಮುದ್ಕಿ ಓಗವ್ಳೆ ಅಂತ ಅರ್ತ. ಆಗ ನನ್ ಮಗ್ಳನ್ನ ಕರ್ಸ್ಕೋಬೋದು ಅನ್ಕಂಡೆ. ಮಂಜುಳ ಈಗ ತುಂಬಿದ ಬಸ್ರಿ. ಬಾಣಂತನಕ್ಕೆ ಬತ್ತೀನಿ ಅಂತ ಫೋನಾಗೆ ಅಳ್ತಾಳೆ. ನಂಗೂ ಇನ್ಯಾರವ್ರೆ? ನಾಳೀಕೆ ಬಾ ಅನ್ನಾನ ಅನ್ಕಂತೀನಿ, ಅಷ್ಟ್ರಾಗೆ ನೀನು ಕಿರುಚ್ತೀಯ. ಇನ್ನೊಂಚೂರು ತಡಿ ಮಗ ಅಂತೀನಿ. ಮತ್ತೆ ಅನ್ಕಂತೀನಿ, ಮತ್ತೆ ಕಿರುಚ್ತೀಯ."

ನನ್ನ ಭಾನುವಾರಗಳೆಲ್ಲ ಆ ಮೆಟ್ಟಿಲಿಳಿದು ಕೆಳಗೆ ಏನು ಮಾಡುತ್ತಿದ್ದವು ಎಂದು ನನಗೆ ಆಗ ತಿಳಿಯಿತು. ಕೂಡಲೇ ಲ್ಯಾಪ್‌ಟಾಪ್ ತಂದು ಅಲ್ಲೇ ಮೆಟ್ಟಿಲ ಮೇಲಿಟ್ಟು ಆಟವನ್ನು ತೋರಿಸಿದೆ. ಪಿಳ್ಳಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಇಷ್ಟು ದೊಡ್ ಮನ್ಯಾಗೆ ಒಬ್ಳೇ ಯಾಕವ್ಳೆ?"

"ಅದು ಹಾಗೇ ಅಕ್ಕ."

"ಲೈಟ್ ಆಕ್ಕೊಳಾಕೇನು ರೋಗ?"

ಇಷ್ಟು ವರ್ಷಗಳಲ್ಲಿ ನನಗೂ ಇದಕ್ಕೆ ಉತ್ತರ ಸಿಕ್ಕಿಲ್ಲ. ಗೋಡೆಯ ಹೆಂಗಸು ತಿರುಗಿದಾಗ ನಾನು ಮತ್ತೆ ಬೆಚ್ಚಿದೆ, ಪಿಳ್ಳಮ್ಮ ಬೆಚ್ಚಲಿಲ್ಲ. "ತಲೆಗೆ ಎಣ್ಣೆ ಕಾಣ್ದೆ ಏಸು ದಿನ ಆಯ್ತೋ," ಎಂದರು. ನನಗೆ ಧೈರ್ಯ ಬಂತು. "ನೋಡಿ, ನಾನು ಕಿರುಚೋದು ಇದಕ್ಕೆ. ನಿಮ್ಮತ್ತೆಗಲ್ಲ. ಮಂಜುಳಾಗೆ ಇವತ್ತೇ ಫೋನ್ ಮಾಡಿ."

ಪಿಳ್ಳಮ್ಮ ತಲೆಯಾಡಿಸಿದರು. "ಇದು ಆಟ ಕಣವ್ವ. ನಮ್ಮತ್ತೆ ಆಟ ಅಲ್ಲ." ಆಮೇಲೆ ತುಂಬ ಯೋಚಿಸಿ ಹೇಳಿದರು: "ಬರೋ ಅಮಾಸೆ ಬಾನ್ವಾರ್ವೇ ಬಿದ್ದೈತೆ. ಆವತ್ತು ಮದ್ಯಾನ ಇವ್ಯಾವ್ನೂ ಆಕ್ಕಳ್ದೆ ಒಳ್ಗೆ ಸುಮ್ಕೆ ಕುಂತ್ಕೊ. ನಾನು ಮೆಟ್ಲತ್ರ ಇರ್ತೀನಿ. ನೀನು ಕಿರುಚ್ನಿಲ್ಲ ಅಂದ್ರೆ ಮಗ್ಳನ್ನ ಕರ್ಕೊಂಡ್ ಬತ್ತೀನಿ. ಕಿರುಚಿದ್ರೆ ಅವ್ಳು ಬರೋದ್ ಬ್ಯಾಡ. ಅಲ್ಲೇ ಎಲ್ಲಾರ ಎರ್ಗೆ ಮಾಡಿಸ್ಕೊಳ್ಳಿ."

ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ಹೇಗಿರಲಿ? ಹೆಂಡತಿಯ ಮನೆಯವರೂ ಇಲ್ಲದೆ, ಗಂಡನ ಕಡೆಯವರೂ ಸೇರಿಸದೆ, ಸರ್ಜಾಪುರದ ಒಂದು ಬಾಡಿಗೆ ಮನೆಯಲ್ಲಿ ಮಂಜುಳ ಮತ್ತವಳ ಗಂಡ ಇಬ್ಬರೇ ಇದ್ದರು. ಅಳಿಯ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದನಂತೆ.

ಅಲ್ಲಿಂದ ಅಮಾವಾಸ್ಯೆಯವರೆಗೆ ನಾನು ಬದುಕಿದ್ದನ್ನು ಹೇಳಿದರೆ ನಾಚಿಕೆ. ಅದೇ ಕೋಣೆ, ಅದೇ ಮಂಚ, ಅದೇ ಗಾಳಿ. ಒಂದು ಶಬ್ದಕ್ಕೆ ಇನ್ನೊಂದು ಅರ್ಥ ಬಂದದ್ದಷ್ಟೇ ವ್ಯತ್ಯಾಸ. ಸ್ನಾನ ಮಾಡುವಾಗ ಕಣ್ಣು ಮುಚ್ಚಲಾಗದೆ ಸೋಪಿನ ನೊರೆಯಿಂದ ಕಣ್ಣು ಕೆಂಪಾಯಿತು. ಆಫೀಸಿನಲ್ಲಿ ಟೀಮ್ ಲೀಡ್ "ಸ್ವಲ್ಪ ರೆಸ್ಟ್ ತಗೊಳ್ಳಿ ಮೇಡಂ" ಎಂದರು. ಕ್ಯಾಬಿನಲ್ಲಿ ನಿಜವಾಗಿಯೇ ಭಾವಗೀತೆ ಕೇಳತೊಡಗಿದೆ. ಸಿನಿಮಾ ಆದರೆ ವಾಲ್ಯೂಮ್ ತಗ್ಗಿಸಬಹುದು, ಆಟವಾದರೆ ನಿಲ್ಲಿಸಬಹುದು. ನಾನು ಇಷ್ಟು ವರ್ಷ ಪ್ರೀತಿಸಿದ್ದು ಭಯವನ್ನೋ ಆ ನಿಲ್ಲಿಸುವ ಗುಂಡಿಯನ್ನೋ ಎಂಬ ಅನುಮಾನ ಬಂತು. ಅಮ್ಮನಿಗೆ ಹೇಳಲಿಲ್ಲ, ಹೇಳಿದ್ದರೆ ಸಂಜೆಯೊಳಗೆ ಗಂಟುಮೂಟೆ ಕಟ್ಟಿಸಿ ಪೀಣ್ಯಕ್ಕೆ ಕರೆದೊಯ್ಯುತ್ತಿದ್ದಳು.

ಅಮಾವಾಸ್ಯೆಯ ದಿನ ಪಿಳ್ಳಮ್ಮ ನನಗೆ ಬೇಗ ಊಟ ಹಾಕಿದರು, ಬಿಸಿ ಮುದ್ದೆ, ಸೊಪ್ಪಿನ ಸಾರು. ಬಿಸಿಲು ನೆತ್ತಿಗೆ ಬಂದಾಗ ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕುಳಿತೆ. ಫೋನು ಕೆಳಗೆ ಪಿಳ್ಳಮ್ಮನ ಹತ್ತಿರ ಇತ್ತು. ಕಿಟಕಿ ತೆರೆದಿತ್ತು. ಎದುರಿಗೆ ಅರ್ಧ ಎದ್ದ ಅಪಾರ್ಟ್‌ಮೆಂಟಿನ ಕಂಬಗಳು, ಅವುಗಳ ತಲೆಯಲ್ಲಿ ಕಬ್ಬಿಣದ ಸರಳುಗಳು. ರಸ್ತೆಯಲ್ಲಿ ಒಂದು ಸ್ಕೂಟರೂ ಇಲ್ಲ. ನೆರಳೆಲ್ಲ ವಸ್ತುಗಳ ಬುಡಕ್ಕೆ ಸೇರಿಹೋಗಿತ್ತು. ಕುರ್ಚಿಗೆ ನೆರಳಿಲ್ಲ, ಬಕೆಟ್ಟಿಗೆ ನೆರಳಿಲ್ಲ. ಚಿಕ್ಕವಳಿದ್ದಾಗ ಪ್ರೆಸ್ಸುಗಳು ನಿಂತಾಗ ಇರುತ್ತಿತ್ತಲ್ಲ, ಅದೇ ನಿಶ್ಶಬ್ದ. ಇಲ್ಲಿ ಓಡಿಹೋಗಲು ಅಡಿಗೆಮನೆ ಇರಲಿಲ್ಲ.

ಮೊದಲು ನನ್ನ ಉಸಿರೇ ಕೇಳುತ್ತಿತ್ತು. ಆಮೇಲೆ ಟಕ್ ಎಂದಿತು.

ಹಲ್ಲಿ ಎಂದುಕೊಂಡೆ. ಮತ್ತೆ ಟಕ್, ಟಕ್. ಕಬ್ಬಿಣದೊಳಗೆ ಕಬ್ಬಿಣ ಬಿದ್ದ ಹಾಗೆ, ಸಣ್ಣಗೆ, ಆತುರವಿಲ್ಲದೆ. ಕುಟ್ಟಿ, ಸ್ವಲ್ಪ ತಡೆದು, ಒಳಗಿನದನ್ನು ಕಲಸಿ ಮತ್ತೆ ಕುಟ್ಟುವವರ ಲಯ. ಅದು ಕಿಟಕಿಯ ಕಡೆಯಿಂದ ಬರುತ್ತಿತ್ತೋ, ನನ್ನ ಬೆನ್ನ ಹಿಂದಿನ ಮೂಲೆಯಿಂದಲೋ ಗೊತ್ತಾಗಲಿಲ್ಲ. ತಿರುಗಿ ನೋಡಬೇಕಿತ್ತು. ಆಟದಲ್ಲಿ ಎಷ್ಟು ಸಲ ತಿರುಗಿದ್ದೇನೆ. ತಿರುಗಲಿಲ್ಲ. ಇನ್ನೇನು ಕಿರುಚಿಬಿಡುವುದರಲ್ಲಿದ್ದೆ. ನಾನು ದುಪಟ್ಟಾದ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದೆ. ಸರ್ಜಾಪುರದಲ್ಲಿ ಒಬ್ಬಳು ಕುಳಿತಿದ್ದಾಳೆ, ನಾನು ಬಾಯಿ ಬಿಟ್ಟರೆ ಅವಳು ಒಬ್ಬಳೇ ಹೆರಬೇಕು. ಇದನ್ನೇ ಮಗ್ಗಿಯಂತೆ ಹೇಳಿಕೊಂಡೆ. ಕಣ್ಣೀರು ಇಳಿದು ದುಪಟ್ಟಾ ಒದ್ದೆಯಾಯಿತು. ಟಕ್, ಟಕ್. ಆಮೇಲೆ ನಿಂತಿತು. ಕುಟ್ಟುವುದು ನಿಂತರೆ ಬೈಗುಳ ಶುರು ಎಂದು ಪಿಳ್ಳಮ್ಮ ಹೇಳಿದ್ದು ನೆನಪಾಗಿ, ಆ ನಿಂತದ್ದು ಎಲ್ಲಕ್ಕಿಂತ ಭಯಂಕರವಾಗಿತ್ತು. ಯಾರೂ ಬೈಯಲಿಲ್ಲ.

ನೆರಳುಗಳು ಬುಡ ಬಿಟ್ಟು ಹೊರಗೆ ಬಂದ ಮೇಲೆ ಬಾಗಿಲು ತೆರೆದೆ. ಎದುರಿನ ಕಟ್ಟಡದಲ್ಲಿ ಸರಳು ಬಗ್ಗಿಸುವವರ ಸದ್ದಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಭಾನುವಾರ ಅಲ್ಲಿ ಕೆಲಸವಿರುವುದಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ನೆನಪಾಯಿತು.

ಪಿಳ್ಳಮ್ಮ ಕೊನೆಯ ಮೆಟ್ಟಿಲಿನ ಮೇಲೆ ಕುಳಿತಿದ್ದರು. ಎರಡೂ ಕೈಗಳಿಂದ ಮೊಣಕಾಲನ್ನು ಅದುಮಿ ಹಿಡಿದಿದ್ದರು.

"ಏನಾರಾ ಕೇಳ್ತಾ?" ಎಂದರು, ನನ್ನ ಮುಖ ನೋಡದೆ.

ಹಸಿ ಸುಳ್ಳು ನನಗೆ ಸುಲಭಕ್ಕೆ ಬರುವುದಿಲ್ಲ. "ಇಲ್ಲ ಅಕ್ಕ. ಏನೂ ಕೇಳಲಿಲ್ಲ."

"ನಂಗೂ ಕೇಳ್ನಿಲ್ಲ," ಎಂದರು ಪಿಳ್ಳಮ್ಮ.

ಮುಚ್ಚಿದ ಬಾಗಿಲ ಒಳಗೆ ನನಗೆ ಕೇಳಿದ್ದು, ಅಷ್ಟು ನಿಶ್ಶಬ್ದದಲ್ಲಿ, ಮೆಟ್ಟಿಲ ಬುಡಕ್ಕೆ ಕೇಳದೆ ಇರುವುದು ಸಾಧ್ಯವಿರಲಿಲ್ಲ. ಅವರಿಗೂ ಅದು ಗೊತ್ತು, ನನಗೂ ಗೊತ್ತು. ಅವರು ನನ್ನ ಒದ್ದೆ ದುಪಟ್ಟಾವನ್ನು ಒಂದು ಸಲ ನೋಡಿ, ಎದ್ದು, ಸೀರೆ ಕೊಡವಿಕೊಂಡರು. "ಫೋನಾಗೆ ನಂಗೆ ಮಾತು ಬರಾಕಿಲ್ಲ. ನಾಳೆ ನೀನೇ ಮಗ್ಳತ್ರ ಕರ್ಕೊಂಡೋಗು," ಎಂದರು.

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ ಪಿಳ್ಳಮ್ಮನನ್ನು ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಸರ್ಜಾಪುರಕ್ಕೆ ಹೊರಟೆ. ಅವರ ತೊಡೆಯ ಮೇಲೆ ರಾಗಿ ಹಿಟ್ಟಿನ ಚೀಲ, ಹಸಿರು ಬಳೆ. ಟಿಪ್ಪರ್ ಲಾರಿಗಳು ಪಕ್ಕದಲ್ಲಿ ಹಾಯ್ದಾಗಲೆಲ್ಲ ನನ್ನ ಭುಜವನ್ನು ಹಿಡಿದು ಹಿಂಡುತ್ತಿದ್ದರು. ದಾರಿಯುದ್ದಕ್ಕೂ ಒಂದೇ ಮಾತು: "ಬರಾಕಿಲ್ಲ ಅಂದ್ಬುಟ್ರೆ?" ಮಗಳ ಮನೆಯ ಮುಂದೆ ಇಳಿದ ಮೇಲೆ ಅವರ ಕೈ ಕಾಲಿಂಗ್ ಬೆಲ್ಲಿನ ಹತ್ತಿರ ಹೋಗಿ ವಾಪಸು ಬಂತು.

"ನೀನೇ ಒತ್ತವ್ವ. ನಮ್ಮತ್ತೆಗೂ ನಾನು ಇಷ್ಟು ಎದ್ರಿರ್ನಿಲ್ಲ."

ನಾನು ಒತ್ತಿದೆ. ಒಳಗಿನಿಂದ ನಿಧಾನವಾದ, ಭಾರವಾದ ಹೆಜ್ಜೆಗಳು ಬಾಗಿಲಿನ ಕಡೆಗೆ ಬರುವುದು ಕೇಳಿಸಿತು. ಪಿಳ್ಳಮ್ಮ ಚೀಲವನ್ನು ಎದೆಗೆ ಅವಚಿಕೊಂಡು ನನ್ನ ಹಿಂದೆ ಅಡಗಿ ನಿಂತರು. ಚಿಲಕ ಸರಿದಾಗ ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.